ಬ್ಲೂ ಏಂಜಲ್ಸ್ 7ನೇ ಜೆಟ್‌ನ ಹಿಂದಿನ ಸೀಟು: ದುಡ್ಡಿಗೆ ಸಿಗದ ಹಾರಾಟದ ವಿಮರ್ಶೆ

ಅಮೆರಿಕದ ನೌಕಾಪಡೆಯ ವೈಮಾನಿಕ ಕಸರತ್ತಿನ ತಂಡ ಬ್ಲೂ ಏಂಜಲ್ಸ್ ಪ್ರದರ್ಶನಕ್ಕೆ ಹಾರಿಸುವುದು ಆರು ಜೆಟ್. ನಾಗರಿಕರ ಮಟ್ಟಿಗೆ ಲೆಕ್ಕಕ್ಕೆ ಬರುವುದು ಏಳನೆಯದು. ಅದು ಎರಡು ಸೀಟಿನ ಎಫ್/ಎ-18ಎಫ್ ಸೂಪರ್ ಹಾರ್ನೆಟ್. ಪ್ರದರ್ಶನದ ದಿನ ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಡುವವರೇ ಅದರ ಪೈಲಟ್. ವಾರಾಂತ್ಯದ ಪ್ರದರ್ಶನಕ್ಕೆ ಅವರು ಸಾಮಾನ್ಯವಾಗಿ ಬುಧವಾರವೇ ಆ ಊರಿಗೆ ಬಂದಿಳಿದು, ಹಿಂದಿನ ಸೀಟಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹಾರುತ್ತಾರೆ. ಒಂದು ಊರಿಗೆ ಹೆಚ್ಚೆಂದರೆ ಮೂವರು. ಶುಲ್ಕವಿಲ್ಲ. ಶುಲ್ಕ ಕೊಡುತ್ತೇನೆಂದರೂ ಸೀಟಿಲ್ಲ.

ಈ ವ್ಯವಸ್ಥೆಯನ್ನು ಅಳೆಯಬೇಕಾದರೆ ಮೊದಲು ಅದು ಯಾಕಿದೆ ಎಂಬುದನ್ನು ನೋಡಬೇಕು. 1946ರಲ್ಲಿ ಹುಟ್ಟಿದ ಈ ತಂಡದ ಕೆಲಸ ನೌಕಾಪಡೆಯ ಬಗ್ಗೆ ಜನರಲ್ಲಿ ಒಲವು ಮೂಡಿಸುವುದು, ಹುಡುಗ ಹುಡುಗಿಯರು ಸೇನೆಗೆ ಸೇರುವಂತೆ ಮಾಡುವುದು. ಹಿಂದಿನ ಸೀಟೂ ಅದೇ ಲೆಕ್ಕದ್ದು. ‘ಕೀ ಇನ್‌ಫ್ಲುಯೆನ್ಸರ್’ ಎಂಬ ಕಾರ್ಯಕ್ರಮದಡಿ ಆರಿಸುವುದು ಎಳೆಯರ ಮನಸ್ಸನ್ನು ತಿರುಗಿಸಬಲ್ಲವರನ್ನು: ಶಾಲಾ ಶಿಕ್ಷಕರು, ಪ್ರಾಂಶುಪಾಲರು, ಕ್ರೀಡಾ ತರಬೇತುದಾರರು, ವೃತ್ತಿ ಸಲಹೆಗಾರರು, ಯುವ ಸಂಘಟನೆಗಳನ್ನು ನಡೆಸುವವರು. ಇವರ ಜೊತೆಗೆ ಪ್ರದರ್ಶನಕ್ಕೆ ಪ್ರಚಾರ ಕೊಡಬಲ್ಲ ಸ್ಥಳೀಯ ಟಿವಿ, ಪತ್ರಿಕೆಯವರು. ಚಿತ್ರನಟರೂ ಆಟಗಾರರೂ ಆಗಾಗ ಕೂರುತ್ತಾರೆ, ನಿಜ. ಆದರೂ ಹೆಸರಿಲ್ಲದ ಹೈಸ್ಕೂಲ್ ವಿಜ್ಞಾನ ಶಿಕ್ಷಕಿಗೆ ಬಾಗಿಲು ತೆರೆದಿಟ್ಟಿರುವ ಸೇನಾ ತಂಡ ಇದರಂತೆ ಇನ್ನೊಂದು ಸಿಗುವುದು ಕಷ್ಟ. ಈ ಒಂದು ಕಾರಣಕ್ಕೆ ಇದಕ್ಕೆ ಹೆಚ್ಚು ಅಂಕ ಕೊಡಲೇಬೇಕು.

ಅರ್ಜಿ ಹಾಕುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ತಂಡದ ಕಚೇರಿಗೆ ನೇರವಾಗಿ ‘ನನ್ನನ್ನು ಕರೆದೊಯ್ಯಿರಿ’ ಎಂದು ಬರೆದು ಫಲವಿಲ್ಲ. ಹೆಸರು ಹೋಗಬೇಕಾದದ್ದು ಆ ಪ್ರದೇಶದ ನೌಕಾಪಡೆ ನೇಮಕಾತಿ ಕಚೇರಿಯ ಮೂಲಕ, ಪ್ರದರ್ಶನದ ಸಂಘಟಕರ ಗಮನಕ್ಕೂ ಬಂದಿರಬೇಕು. ಪ್ರದರ್ಶನಗಳ ವೇಳಾಪಟ್ಟಿ ಬಹಳ ಮುಂಚೆಯೇ ಪ್ರಕಟವಾಗುತ್ತದೆ, ಋತು ಮಾರ್ಚ್‌ನಿಂದ ನವೆಂಬರ್‌ವರೆಗೆ. ನಿಮ್ಮ ಊರಿನ ದಿನಾಂಕ ನೋಡಿಕೊಂಡು ಕೆಲವು ತಿಂಗಳ ಮೊದಲೇ ನೇಮಕಾತಿ ಕಚೇರಿಗೆ ಹೋಗಿ ಮುಖ ತೋರಿಸಬೇಕು. ನಾಮನಿರ್ದೇಶನ ಪತ್ರದಲ್ಲಿ ಬರೆಯಬೇಕಾದದ್ದು ‘ಬಾಲ್ಯದಿಂದಲೂ ವಿಮಾನವೆಂದರೆ ಪ್ರಾಣ’ ಎಂದಲ್ಲ. ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳು ನಿಮ್ಮ ಕೈಯಲ್ಲಿ ಓದುತ್ತಾರೆ, ಹಾರಿ ಬಂದ ಮೇಲೆ ಯಾವ ಶಾಲೆಯಲ್ಲಿ, ಯಾವ ಸಭೆಯಲ್ಲಿ, ಯಾರ ಮುಂದೆ ಮಾತಾಡುತ್ತೀರಿ ಎಂಬುದನ್ನು ಬರೆಯಿರಿ. ಸ್ವಂತ ಆಸೆಯನ್ನಷ್ಟೇ ತೋಡಿಕೊಂಡ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಬೇ ಏರಿಯಾದಲ್ಲೋ ಸಿಯಾಟಲ್‌ನಲ್ಲೋ ಪಾಠ ಹೇಳುತ್ತಿರುವ ಕನ್ನಡಿಗರು ಇದನ್ನು ಗಂಭೀರವಾಗಿ ನೋಡಬಹುದು. ಸ್ಯಾನ್ ಫ್ರಾನ್ಸಿಸ್ಕೋದ ಫ್ಲೀಟ್ ವೀಕ್ ಅಕ್ಟೋಬರ್‌ನಲ್ಲಿ, ಸಿಯಾಟಲ್‌ನ ಸೀಫೇರ್ ಬೇಸಿಗೆಯಲ್ಲಿ ನಡೆಯುತ್ತದೆ. ಎರಡಕ್ಕೂ ಬ್ಲೂ ಏಂಜಲ್ಸ್ ಹಳೆಯ ಅತಿಥಿಗಳು.

ಆಯ್ಕೆಯಾದ ಮೇಲೆ ದೇಹದ ವಿಚಾರ. ಅಪಾಯ ಬಂದಾಗ ಕೂತವರನ್ನು ರಾಕೆಟ್ ಬಲದಿಂದ ವಿಮಾನದ ಹೊರಗೆಸೆಯುವ ಇಜೆಕ್ಷನ್ ಸೀಟು ಎಲ್ಲ ತೂಕದವರಿಗೂ ಸುರಕ್ಷಿತವಲ್ಲ. ಉದಾಹರಣೆಗೆ, ಇನ್ನೊಂದು ಫೈಟರ್ ಜೆಟ್ ಆದ ಎಫ್-16ರ ಏಸಸ್-2 ಸೀಟನ್ನು ರೂಪಿಸಿದ್ದು ಸುಮಾರು 64ರಿಂದ 96 ಕಿಲೊ ತೂಕದವರಿಗೆ. ಹಗುರವಾದವರನ್ನು ರಾಕೆಟ್ ಅತಿ ವೇಗದಲ್ಲಿ ಮೇಲೆತ್ತಿ ಕತ್ತಿಗೆ ಪೆಟ್ಟು ಕೊಡುತ್ತದೆ, ಭಾರವಾದವರು ಸಾಕಷ್ಟು ಎತ್ತರಕ್ಕೆ ಹೋಗದೆ ಪ್ಯಾರಾಚೂಟ್‌ಗೆ ಸಮಯ ಸಾಲದೆ ಹೋಗಬಹುದು. ತೊಡೆ ಉದ್ದವಿರುವವರ ಮೊಣಕಾಲು ಹೊರಬೀಳುವಾಗ ಮುಂದಿನ ಡ್ಯಾಶ್‌ಬೋರ್ಡಿಗೆ ತಾಗುತ್ತದೆ, ಹಾಗಾಗಿ ಎತ್ತರವನ್ನೂ ಕೇಳುತ್ತಾರೆ. ಬೆನ್ನುಹುರಿ, ಕತ್ತು, ಹೃದಯ, ಹರ್ನಿಯಾ ತೊಂದರೆ ಇರುವವರು, ಗರ್ಭಿಣಿಯರು ಈ ಆಸೆ ಬಿಡಬೇಕು. ನೆಗಡಿ ಸಣ್ಣದೆಂದು ಮುಚ್ಚಿಡಬೇಡಿ. ಮೂಗು ಕಟ್ಟಿದ್ದರೆ ವಿಮಾನ ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದೆ ತಮಟೆಗೆ ಗಾಯವಾಗುತ್ತದೆ.

ಹಾರುವ ಹಿಂದಿನ ದಿನದಿಂದಲೇ ಮದ್ಯ ಬೇಡ, ಸ್ಕೂಬಾ ಡೈವಿಂಗ್ ಬೇಡ, ನೀರು ಧಾರಾಳವಾಗಿರಲಿ. ಮೈಯಲ್ಲಿ ನೀರು ಕಡಿಮೆಯಾದಷ್ಟೂ ಜಿ ಬಲ (ಬಿಗಿ ತಿರುವಿನಲ್ಲಿ ಮೈಯ ಭಾರವನ್ನು ಹಲವು ಪಟ್ಟು ಮಾಡುವ ಬಲ; 7 ಜಿ ಎಂದರೆ ಏಳು ಪಟ್ಟು) ತಡೆಯುವ ಶಕ್ತಿ ಕುಗ್ಗುತ್ತದೆ. ವಾಂತಿಗೆ ಹೆದರಿ ಖಾಲಿ ಹೊಟ್ಟೆಯಲ್ಲಿ ಹೋಗುವುದು ಬಹಳ ಜನ ಮಾಡುವ ತಪ್ಪು. ಖಾಲಿ ಹೊಟ್ಟೆ ಇನ್ನೂ ಜಾಸ್ತಿ ತೊಳಸುತ್ತದೆ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸರಿ. ಬೆಣ್ಣೆ ಮಸಾಲೆಯನ್ನು ಇಳಿದ ಮೇಲೆ ತಿನ್ನಿ.

ಜೆಟ್ಟಿನ ಬಳಿ ನಿಮ್ಮನ್ನು ಸಿದ್ಧಗೊಳಿಸುವವರು ಕ್ರೂ ಚೀಫ್, ಅಂದರೆ ವಿಮಾನವನ್ನು ನೋಡಿಕೊಳ್ಳುವ ನೆಲದ ಸಿಬ್ಬಂದಿಯ ಮುಖ್ಯಸ್ಥರು. ಇಡೀ ಹಾರಾಟದಲ್ಲಿ ಅತಿ ಮುಖ್ಯವಾದದ್ದು ಅವರು ಕೊಡುವ ಪಾಠ. ಮೈಯನ್ನು ಸೀಟಿಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್ ಕಟ್ಟುವ ಕ್ರಮ, ಮುಟ್ಟಬಾರದ ಸ್ವಿಚ್‌ಗಳು, ಎರಡು ತೊಡೆಗಳ ನಡುವಿನ ಹಳದಿ ಕಪ್ಪು ಪಟ್ಟೆಯ ಇಜೆಕ್ಷನ್ ಹಿಡಿ, ಅದನ್ನು ಯಾವಾಗ ಎಳೆಯಬೇಕು, ಎಳೆಯುವಾಗ ತಲೆಯನ್ನು ಹಿಂದಕ್ಕೆ ಒತ್ತಿ ಬೆನ್ನು ನೇರವಾಗಿಟ್ಟಿರಬೇಕು ಎಂಬುದೆಲ್ಲ ಬರುತ್ತದೆ. ಜೇಬಿನಲ್ಲಿ ಪೆನ್ನು, ನಾಣ್ಯ, ಫೋನು, ಬೆರಳಲ್ಲಿ ಉಂಗುರ ಇರಬಾರದು. ವಿಮಾನ ತಲೆಕೆಳಗಾದಾಗ ಜಾರಿದ ನಾಣ್ಯ ಕಂಟ್ರೋಲ್ ಸ್ಟಿಕ್ಕಿನ ಬುಡ ಸೇರಿದರೆ ಎಲ್ಲರ ಕಥೆಯೂ ಮುಗಿಯುತ್ತದೆ. ಕೈಯಲ್ಲಿ ಕ್ಯಾಮೆರಾ ಹಿಡಿಯುವ ಆಸೆಯೂ ಬೇಡ. ಒಂದು ಕಿಲೊ ಕ್ಯಾಮೆರಾ 7 ಜಿಯಲ್ಲಿ ಏಳು ಕಿಲೊ ಆಗಿ ತೊಡೆಯ ಮೇಲೋ ಮುಖದ ಮೇಲೋ ಬೀಳುತ್ತದೆ. ಸಾಲದ್ದಕ್ಕೆ, ಕ್ಯಾಮೆರಾದ ಪರದೆ ನೋಡುತ್ತ ಕೂತವರಿಗೇ ಮೊದಲು ವಾಂತಿ.

ಈ ತಂಡದ ಒಂದು ವಿಚಿತ್ರವನ್ನು ಮೊದಲೇ ತಿಳಿದಿರಬೇಕು: ಇಲ್ಲಿ ಜಿ-ಸೂಟ್ ಇಲ್ಲ, ಅಂದರೆ ಜಿ ಏರಿದಾಗ ಗಾಳಿ ತುಂಬಿ ಕಾಲು, ಹೊಟ್ಟೆಯನ್ನು ಒತ್ತಿ ರಕ್ತ ಕೆಳಗಿಳಿಯದಂತೆ ತಡೆಯುವ ಉಡುಪು ಇಲ್ಲ. ಬ್ಲೂ ಏಂಜಲ್ಸ್ ಜೆಟ್‌ಗಳ ಕಂಟ್ರೋಲ್ ಸ್ಟಿಕ್ಕಿಗೆ ಸುಮಾರು 40 ಪೌಂಡ್ ಬಲದಿಂದ ಮುಂದಕ್ಕೆಳೆಯುವ ಸ್ಪ್ರಿಂಗ್ ಕಟ್ಟಿರುತ್ತದೆ. ಕೂದಲೆಳೆಯ ನಿಯಂತ್ರಣಕ್ಕಾಗಿ ಪೈಲಟ್ ಮುಂಗೈಯನ್ನು ತೊಡೆಯ ಮೇಲೂರಿ ಹಾರಿಸುತ್ತಾರೆ. ಜಿ-ಸೂಟ್ ಗಾಳಿ ತುಂಬಿ ಉಬ್ಬಿದರೆ ಆ ಕೈ ಅಲುಗುತ್ತದೆ, ಪಕ್ಕದ ರೆಕ್ಕೆ 18 ಇಂಚು ದೂರದಲ್ಲಿರುವಾಗ ಅದು ಅಪಾಯ. ಆದ್ದರಿಂದ ಪೈಲಟ್‌ಗಳಿಗೂ ಇಲ್ಲ, ಹಿಂದೆ ಕೂತವರಿಗೂ ಇಲ್ಲ. ರಕ್ತವನ್ನು ತಲೆಯಲ್ಲಿ ಉಳಿಸಿಕೊಳ್ಳುವ ಕೆಲಸ ಪೂರ್ತಿ ನಿಮ್ಮ ಸ್ನಾಯುಗಳದ್ದೇ.

ಅದಕ್ಕೆ ಕಲಿಸುವ ಉಪಾಯಕ್ಕೆ ‘ಹಿಕ್’ ಎನ್ನುತ್ತಾರೆ. ಪೈಲಟ್ ಎಚ್ಚರಿಸಿದೊಡನೆ, ಜಿ ಏರುವ ಮೊದಲೇ, ಮೀನಖಂಡ, ತೊಡೆ, ಪೃಷ್ಠ, ಹೊಟ್ಟೆ ಎಲ್ಲವನ್ನೂ ಕಲ್ಲಾಗಿಸಬೇಕು. ಉಸಿರೆಳೆದು ‘ಹಿಕ್’ ಎಂದು ಗಂಟಲು ಮುಚ್ಚಿ, ಸುಮಾರು ಮೂರು ಸೆಕೆಂಡ್ ಎದೆಯಲ್ಲಿ ಒತ್ತಡ ಹಿಡಿದು, ‘ಕ್’ ಎಂದು ಚೂರು ಬಿಟ್ಟು ತಕ್ಷಣ ಮತ್ತೆ ಎಳೆಯಬೇಕು. ಕಾಲಿನ ಬಿಗಿ ಮಾತ್ರ ಕೊನೆಯವರೆಗೂ ಸಡಿಲಬಾರದು. ಸಾಮಾನ್ಯವಾಗಿ ತಪ್ಪುವುದು ಮೂರು ಕಡೆ: ಜಿ ಬಂದ ಮೇಲೆ ಶುರುಮಾಡುವುದು, ಉಸಿರನ್ನು ಪೂರ್ತಿ ಬಿಟ್ಟುಬಿಡುವುದು, ಖುಷಿಗೆ ಕೂಗುವುದು ಅಥವಾ ನಗುವುದು. ಕೂಗಿದರೆ ಎದೆಯ ಒತ್ತಡ ಇಳಿದುಹೋಗುತ್ತದೆ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ನೋಟ ಅಂಚಿನಿಂದ ಕಿರಿದಾಗುತ್ತದೆ, ಆಮೇಲೆ ಕಣ್ಣು ಕತ್ತಲಿಟ್ಟು ಪ್ರಜ್ಞೆ ತಪ್ಪುತ್ತದೆ. ಇಂಟರ್ನೆಟ್ಟಿನಲ್ಲಿ ಓಡಾಡುವ, ತಲೆ ವಾಲಿಸಿ ನಿದ್ದೆಹೋದ ಪ್ರಯಾಣಿಕರ ವಿಡಿಯೊಗಳೆಲ್ಲ ಇದರ ಫಲ. ಒಂದೆರಡು ನಿಮಿಷ ಮೊದಲೇ ಅಭ್ಯಾಸ ಮಾಡಿ ನೋಡಿ ಎಂದು ಕ್ರೂ ಚೀಫ್ ಹೇಳಿದಾಗ ನಾಚಿಕೊಳ್ಳಬೇಡಿ.

ಹಾರಾಟ ಮುಕ್ಕಾಲು ಗಂಟೆಯ ಆಸುಪಾಸು. ರನ್‌ವೇ ಬಿಟ್ಟೊಡನೆ ತಗ್ಗಿನಲ್ಲೇ ವೇಗ ಹೆಚ್ಚಿಸಿಕೊಂಡು ನೆಟ್ಟಗೆ ಮೇಲಕ್ಕೆ, ಆಮೇಲೆ ರೋಲ್, ಲೂಪ್, ತಲೆಕೆಳಗಿನ ಹಾರಾಟ, ಮೂತಿಯೆತ್ತಿ ತೀರಾ ನಿಧಾನಕ್ಕೆ ಸಾಗುವುದು, ಶಬ್ದವೇಗದ ಹತ್ತಿರ ಹೋಗುವುದು, ಕೊನೆಗೆ 7 ಜಿ ಮುಟ್ಟುವ ಬಿಗಿ ತಿರುವು. 70 ಕಿಲೊ ತೂಗುವವರಿಗೆ ಆ ಹೊತ್ತು 490 ಕಿಲೊ ಭಾರ. ತಿರುವಿಗೆ ಮುನ್ನವೇ ತಲೆಯನ್ನು ಹಿಂದಕ್ಕೆ ಒರಗಿಸಿಡಿ, ನಡುವೆ ತಿರುಗಿಸಿದರೆ ಕತ್ತು ಉಳುಕುವುದು ಖಚಿತ. ಸಾಕು ಅನ್ನಿಸಿದರೆ ‘ಸಾಕು’ ಎಂದು ಹೇಳಿದರಾಯಿತು, ಪೈಲಟ್ ವಿಮಾನವನ್ನು ನೇರ ಮಾಡುತ್ತಾರೆ.

ದೊಡ್ಡ ಕೊರತೆಯೊಂದಿದೆ. ಹೋಗುವುದು ಒಂಟಿ ಜೆಟ್. ಬ್ಲೂ ಏಂಜಲ್ಸ್ ಎಂದರೆ ಕಣ್ಣಿಗೆ ಕಟ್ಟುವ ಆ ವಜ್ರಾಕಾರದ ಜೋಡಣೆ, ಪಕ್ಕದಲ್ಲೇ ಇನ್ನೊಂದು ರೆಕ್ಕೆ, ಇದ್ಯಾವುದೂ ಹಿಂದಿನ ಸೀಟಿನಿಂದ ಕಾಣುವುದಿಲ್ಲ. ಸಿಗುವುದು ಒಂದು ಫೈಟರ್ ಜೆಟ್ಟಿನ ಶಕ್ತಿಯ ಪರಿಚಯ. ತಂಡದ ಕಲೆ ಯಾವುದೋ ಅದು ನೆಲದ ಮೇಲೆ ನಿಂತವರಿಗೇ ಚೆನ್ನಾಗಿ ದಕ್ಕುತ್ತದೆ.

ಅಮೆರಿಕದ ವಾಯುಪಡೆಯ ಪ್ರದರ್ಶನ ತಂಡ ಥಂಡರ್‌ಬರ್ಡ್ಸ್ ಕೂಡ ಒಂಟಿಯಾಗಿಯೇ ಹಾರಿಸುತ್ತದೆ. ನೆವಾಡದ ನೆಲ್ಲಿಸ್ ನೆಲೆಯ ಈ ತಂಡದ 8ನೇ ಪೈಲಟ್ ಎರಡು ಸೀಟಿನ ಎಫ್-16ಡಿಯಲ್ಲಿ ಮುಂಚಿತವಾಗಿ ಬರುತ್ತಾರೆ. ‘ಹೋಮ್‌ಟೌನ್ ಹೀರೊ’ ಹೆಸರಿನಲ್ಲಿ ಊರಿಗೆ ಉಪಕಾರ ಮಾಡಿದವರನ್ನು, ಉದಾಹರಣೆಗೆ ಅಗ್ನಿಶಾಮಕ ಸಿಬ್ಬಂದಿಯನ್ನೋ ದಾದಿಯರನ್ನೋ ಕೂರಿಸುತ್ತಾರೆ. ಇಲ್ಲಿ ಜಿ-ಸೂಟ್ ಇದೆ, ಸೀಟು 30 ಡಿಗ್ರಿ ಹಿಂದಕ್ಕೆ ಬಾಗಿದೆ, 9 ಜಿ ತನಕವೂ ಹೋಗುತ್ತಾರೆ. ದೇಹಕ್ಕೆ ಒಗ್ಗುವ ವಿಚಾರದಲ್ಲಿ ಇದೇ ಮೇಲು. ಕೆನಡಾದ ಸ್ನೋಬರ್ಡ್ಸ್‌ನ ಟ್ಯೂಟರ್ ಹಳೆಯ ವಿಮಾನ, ಶಕ್ತಿ ಕಡಿಮೆ, ಆದರೆ ಪೈಲಟ್ ಪಕ್ಕದಲ್ಲೇ ಸೀಟು. ಸೀಟು ಸಿಗುವುದು ಹೆಚ್ಚಾಗಿ ಮಾಧ್ಯಮದವರಿಗೆ. ಬ್ರಿಟನ್ನಿನ ರೆಡ್ ಆ್ಯರೋಸ್ ತಂಡದ ಹಾಕ್ ಜೆಟ್‌ಗಳ ಹಿಂದಿನ ಸೀಟು ಊರಿಂದೂರಿಗೆ ಹೋಗುವಾಗ ತಂಡದ ತಂತ್ರಜ್ಞರಿಗೇ ಮೀಸಲು.

ಅಪಾಯದ ಮಾತು ತಪ್ಪಿಸುವಂತಿಲ್ಲ. 2020ರ ಮೇ ತಿಂಗಳಲ್ಲಿ ಕೆನಡಾದ ಕ್ಯಾಮ್ಲೂಪ್ಸ್‌ನಿಂದ ಮೇಲೇರಿದ ಸ್ನೋಬರ್ಡ್ಸ್ ಜೆಟ್ಟಿನ ಎಂಜಿನ್ನಿಗೆ ಹಕ್ಕಿ ಸಿಕ್ಕಿತು. ತಗ್ಗಿನಲ್ಲಿ ಇಬ್ಬರೂ ಹೊರಜಿಗಿದರು, ಪೈಲಟ್ ಬದುಕುಳಿದರು, ಪ್ರಯಾಣಿಕರಾಗಿ ಕೂತಿದ್ದ ತಂಡದ ಸಾರ್ವಜನಿಕ ಸಂಪರ್ಕಾಧಿಕಾರಿ ಕ್ಯಾಪ್ಟನ್ ಜೆನ್ ಕೇಸಿ ಸತ್ತರು. ನಾಗರಿಕ ಪ್ರಯಾಣಿಕರು ಓದಲೇಬೇಕಾದ ಪ್ರಕರಣ ಇನ್ನೊಂದಿದೆ, ಅದು ಪ್ರದರ್ಶನ ತಂಡದ್ದಲ್ಲ. 2019ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸೇಂಟ್ ಡಿಜಿಯೆ ನೆಲೆಯಲ್ಲಿ 64 ವರ್ಷದ ನಾಗರಿಕರೊಬ್ಬರನ್ನು ಸಹೋದ್ಯೋಗಿಗಳು ಅಚ್ಚರಿಯ ಉಡುಗೊರೆಯೆಂದು ರಫೇಲ್ ಹತ್ತಿಸಿದರು. ಮನಸ್ಸಿಲ್ಲದಿದ್ದರೂ ಬೇಡವೆನ್ನಲು ಅವರಿಗೆ ಆಗಲಿಲ್ಲ. ಹತ್ತುವ ಮೊದಲೇ ಎದೆಬಡಿತ ನಿಮಿಷಕ್ಕೆ 136ರಿಂದ 142. ವೈದ್ಯರು ಹಾಕಿದ್ದ 3 ಜಿ ಮಿತಿ ಪೈಲಟ್‌ಗೆ ತಲುಪಿರಲಿಲ್ಲ. ಬೆಲ್ಟ್ ಸಡಿಲವಿತ್ತು. ಏರಿ ಸಮತಲಕ್ಕೆ ಬರುವಾಗ ಮೈನಸ್ 0.6 ಜಿ ಆಗಿ ಅವರು ಸೀಟಿನಿಂದ ಮೇಲೆದ್ದರು, ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಅದು ಇಜೆಕ್ಷನ್ ಹಿಡಿ. ಅವರು ಹೊಲದಲ್ಲಿ ಇಳಿದು ಬದುಕಿದರು. ಪೈಲಟ್ ಸೀಟೂ ಹಾರಬೇಕಿತ್ತು, ತಾಂತ್ರಿಕ ದೋಷದಿಂದ ಹಾರಲಿಲ್ಲ, ಕ್ಯಾನೊಪಿ (ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಳ) ಇಲ್ಲದ ವಿಮಾನವನ್ನು ಅವರು ಹೇಗೋ ಇಳಿಸಿದರು. ಆದ್ದರಿಂದ ತೊಡೆಯ ಮೇಲಿನ ಪಟ್ಟಿಯನ್ನು ನೋಯುವಷ್ಟು ಬಿಗಿಸಿಕೊಳ್ಳಿ, ಆಧಾರಕ್ಕೆ ಹಾರ್ನೆಸ್‌ನ ಭುಜದ ಪಟ್ಟಿ ಹಿಡಿಯಿರಿ, ಯಾರಿಗೂ ಈ ಹಾರಾಟವನ್ನು ಸರ್‌ಪ್ರೈಸ್ ಗಿಫ್ಟ್ ಕೊಡಬೇಡಿ.

ನಮ್ಮ ವಾಯುಪಡೆಯ ಪ್ರದರ್ಶನ ತಂಡ ಸೂರ್ಯಕಿರಣ್ ವಿಚಾರ ಕೇಳುವವರು ಬಹಳ. 1996ರಲ್ಲಿ ಬೀದರ್‌ನಲ್ಲಿ ಕಟ್ಟಿದ ಈ ತಂಡ ಈಗ ಹಾರಿಸುವುದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಹಾಕ್ ಎಂಕೆ-132. ಎರಡು ಸೀಟಿದೆ, ಆದರೆ ಸಾರ್ವಜನಿಕರು ಅರ್ಜಿ ಹಾಕುವ ವ್ಯವಸ್ಥೆ ಇಲ್ಲ. ಎಂಎಲ್‌ಎ ಶಿಫಾರಸು ಪತ್ರವೂ ಇಲ್ಲಿ ನಡೆಯದು. ಏರೋ ಇಂಡಿಯಾದಲ್ಲಿ ಹೆಸರಾಂತರು ಹಾರಿದ್ದುಂಟು: 2007ರಲ್ಲಿ ರತನ್ ಟಾಟಾ ಎಫ್-16ರಲ್ಲಿ, 2019ರಲ್ಲಿ ಪಿ.ವಿ. ಸಿಂಧು ತೇಜಸ್‌ನಲ್ಲಿ. ಅವು ವಿಮಾನವನ್ನು ಜಗತ್ತಿಗೆ ತೋರಿಸುವ ಹಾರಾಟಗಳು, ಪ್ರದರ್ಶನ ತಂಡಕ್ಕೆ ಸಂಬಂಧವಿಲ್ಲ. ವಿದ್ಯಾರ್ಥಿಗಳಿಗೆ ಎನ್‌ಸಿಸಿಯ ವಾಯು ವಿಭಾಗದ ಮೈಕ್ರೋಲೈಟ್ (ಪುಟ್ಟ ಹಗುರ ವಿಮಾನ) ಹಾರಾಟವೇ ಹೆಚ್ಚು ಕೈಗೆಟಕುವ ದಾರಿ.

ದುಡ್ಡು ಕೊಟ್ಟೇ ಹಾರಬೇಕೆಂದರೆ ಖಾಸಗಿ ತಂಡಗಳಿವೆ. ಲಾಟ್ವಿಯಾದ ಯೂರ್ಮಲಾ ವಿಮಾನ ನಿಲ್ದಾಣದಿಂದ ಹಾರುವ ಬಾಲ್ಟಿಕ್ ಬೀಸ್ ತಂಡ ಎಲ್-39 ತರಬೇತಿ ಜೆಟ್ಟಿನಲ್ಲಿ ಪ್ರಯಾಣಿಕರನ್ನು ಒಯ್ಯುತ್ತದೆ. ಸೂಪರ್ ಹಾರ್ನೆಟ್‌ನ ಬಲ ಇಲ್ಲ, ಆದರೆ ಜೋಡಣೆಯಲ್ಲಿ ಹಾರುವ ಅವಕಾಶ ಸಿಕ್ಕರೆ ಸೇನಾ ತಂಡಗಳ ಒಂಟಿ ಹಾರಾಟಕ್ಕಿಂತ ಇದೇ ಮನಸ್ಸಿಗೆ ಹತ್ತಿರ. ಅಮೆರಿಕದಲ್ಲಿ ಖಾಸಗಿ ಎಲ್-39ಗಳು ಬಹುತೇಕ ಪ್ರಾಯೋಗಿಕ ವರ್ಗದಲ್ಲಿ ನೋಂದಣಿಯಾಗಿರುವುದರಿಂದ ಅಲ್ಲಿನ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎಯ ವಿನಾಯಿತಿ ಇಲ್ಲದೆ ದುಡ್ಡಿಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ, ಅಂಥ ಜಾಹೀರಾತು ಕಂಡರೆ ಮೊದಲು ಆ ಕಾಗದ ಕೇಳಿ. ಎಲ್ಲೇ ಆಗಲಿ, ಮುಂಗಡ ಕಟ್ಟುವ ಮುನ್ನ ಮೂರು ಉತ್ತರ ಬರವಣಿಗೆಯಲ್ಲಿ ಬೇಕು: ಇಜೆಕ್ಷನ್ ಸೀಟು ಚಾಲೂ ಇದೆಯೋ ನಿಷ್ಕ್ರಿಯ ಮಾಡಿದ್ದಾರೋ, ಹಾರಾಟ ಒಂಟಿಯೋ ಜೋಡಣೆಯೋ, ಮೋಡ ಕವಿದು ರದ್ದಾದರೆ ಹಣ ವಾಪಸೋ ಬೇರೆ ದಿನವೋ. ಲಾಟ್ವಿಯಾಕ್ಕೆ ಶೆಂಗೆನ್ ವೀಸಾ ಬೇಕು. ಬಾಲ್ಟಿಕ್ ಕರಾವಳಿಯ ಹವೆಯನ್ನು ನಂಬುವಂತಿಲ್ಲ, ಹಾಗಾಗಿ ಹಾರಾಟದ ದಿನದ ನಂತರ ಎರಡು ಮೂರು ದಿನ ಖಾಲಿ ಬಿಟ್ಟು ವಾಪಸಿನ ಟಿಕೆಟ್ ಮಾಡಿಸಿ.