ಒಂಬತ್ತು ಸಾವಿರಕ್ಕೆ ಜಿಪ್ಸಿ ಚಾಸಿ ಗಟ್ಟಿ ಮಾಡಿಕೊಡ್ತೀವಿ ಅಂದರೆ ಒಪ್ಪಬೇಡಿ

ಹಳೆ ಮಾರುತಿ ಜಿಪ್ಸಿಯ ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಪಟ್ಟಿ (ಗಟ್ಟಿಯಾಗಲೆಂದು ವೆಲ್ಡ್ ಮಾಡುವ ತಗಡು) ಹಾಕಿಸುವ ಯೋಚನೆಯಲ್ಲಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮುಂಚೆ ಇದನ್ನು ಓದಿ. ಇದು 2006ರ ಮಾಡೆಲ್ ಜಿಪ್ಸಿ ಕಿಂಗ್ ಒಂದರ ಲೆಕ್ಕ. ₹9,000ಕ್ಕೆ ಮಾತಾಡಿದ ಕೆಲಸ ₹23,500ಕ್ಕೆ ಹೋಗಿ ನಿಂತಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ಪಟ್ಟಿಯ ಅಂಚಿನಲ್ಲೇ ಚಾಸಿ ಸೀಳಿತು. ಅದನ್ನೆಲ್ಲ ಕಿತ್ತು ಸರಿಯಾಗಿ ಮಾಡಿಸಲು ಇನ್ನೊಂದು ಕಡೆ ₹60,180 ಬಿತ್ತು. ಮೊದಲ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅದೇ ಪದ್ಧತಿಯಲ್ಲಿ ಕೆಲಸ ಮಾಡುವವರು ಊರೂರಲ್ಲೂ ಇದ್ದಾರೆ, ಪದ್ಧತಿಯ ಗುರುತು ಸಿಕ್ಕರೆ ಸಾಕು.

ಜಿಪ್ಸಿಗೆ ಈ ಖರ್ಚು ಯಾಕೆ ಬರುತ್ತದೆ ಅನ್ನುವುದು ಮೊದಲು. ಬಾಡಿ ಬೇರೆ, ಚಾಸಿ ಬೇರೆ ಇರುವ ಗಾಡಿ ಅದು. ಏಣಿಯ ಹಾಗೆ ಎರಡು ಉದ್ದ ಪೆಟ್ಟಿಗೆ ಕೊಳವೆ, ನಡುವೆ ಅಡ್ಡ ಕೊಳವೆಗಳು. ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಯಲ್ಲಿ ಓಡಿದ ಗಾಡಿಯ ಕೊಳವೆಯೊಳಗೆ ಕೆಸರು ಸೇರಿ ನೀರಿಳಿಯುವ ತೂತುಗಳನ್ನು ಮುಚ್ಚುತ್ತದೆ. ಒದ್ದೆ ಮಣ್ಣು ಒಳಗೇ ಕೂತು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಕರಾವಳಿಯ ಗಾಡಿಯಾದರೆ ಉಪ್ಪುಗಾಳಿ ಬೇರೆ. ಮೊದಲು ಹೋಗುವುದು ಹಿಂದಿನ ಸ್ಪ್ರಿಂಗಿನ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಕೂರುವ ಜಾಗ ಮತ್ತು ಕಟ್ಟಕಡೆಯ ಅಡ್ಡ ಕೊಳವೆ. ಇನ್ನೊಂದು ಜಾಗ ಮುಂದೆ ಇದೆ: ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗುವ ಕಡೆ. ದೊಡ್ಡ ಟೈರ್ ಹಾಕಿ ಕಲ್ಲುದಾರಿಯಲ್ಲಿ ಓಡಿಸಿದರೆ ಅಲ್ಲಿ ತುಕ್ಕಿಲ್ಲದೆಯೂ ಬಿರುಕು ಬರುತ್ತದೆ. ಗಾಡಿ ನಿಲ್ಲಿಸಿಕೊಂಡು ಯಾರಾದರೂ ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸಲಿ, ನೀವು ಬಾಕ್ಸ್ ಪಕ್ಕ ನೋಡಿ. ಬಾಕ್ಸ್ ಜೊತೆಗೆ ಚಾಸಿಯ ತಗಡೂ ಉಸಿರಾಡಿದಂತೆ ಅಲ್ಲಾಡಿದರೆ ಬಿರುಕು ಆಗಲೇ ಶುರುವಾಗಿದೆ.

ನಮ್ಮ ಲೆಕ್ಕದ ಗಾಡಿಯಲ್ಲಿ ಹಿಂದೆ ತುಕ್ಕು, ಮುಂದೆ ಬಿರುಕು ಎರಡೂ ಇದ್ದವು. ಗ್ಯಾರೇಜಿನವರು ಗಾಡಿಯ ಅಡಿಗೆ ಟಾರ್ಚ್ ಬಿಟ್ಟು ಎರಡು ನಿಮಿಷ ನೋಡಿ, "ಸಾರ್, ಆರು ಎಂಎಂ ಪ್ಲೇಟ್ ಹಾಕ್ತೀವಿ, ಲಾರಿ ಹತ್ತಿದ್ರೂ ಅಲ್ಲಾಡಲ್ಲ, ಒಂಬತ್ತು ಸಾವಿರ ಲಮ್ಸಮ್" ಅಂದರು. ಈ ಒಂದು ವಾಕ್ಯದಲ್ಲೇ ಮೂರು ತಪ್ಪಿವೆ.

ಆರು ಎಂಎಂ ಮೊದಲನೆಯದು. ಚಾಸಿಯ ತಗಡು ಅದಕ್ಕಿಂತ ಎಷ್ಟೋ ತೆಳು. ಏಣಿ ಚಾಸಿ ತಿರುಚಿಕೊಂಡೇ ಕೆಲಸ ಮಾಡುವಂಥದ್ದು. ಹಳ್ಳದಲ್ಲಿ ಒಂದು ಚಕ್ರ ಇಳಿದಾಗ ಇಡೀ ಉದ್ದ ಸ್ವಲ್ಪ ಸ್ವಲ್ಪ ಬಾಗಿ ಆ ಭಾರವನ್ನು ಹಂಚಿಕೊಳ್ಳುತ್ತದೆ. ಮಧ್ಯೆ ಒಂದಡಿ ಜಾಗವನ್ನು ಕಲ್ಲಿನಂತೆ ಗಟ್ಟಿ ಮಾಡಿದರೆ ಆ ಬಾಗು ಮಾಯವಾಗುವುದಿಲ್ಲ, ಪಟ್ಟಿ ಮುಗಿಯುವ ಗೆರೆಗೆ ಬಂದು ಕೂರುತ್ತದೆ. ತಗಡಿನ ಚೂರನ್ನು ಪದೇ ಪದೇ ಒಂದೇ ಗೆರೆಯಲ್ಲಿ ಮಡಿಸಿ ಮುರಿಯುತ್ತೀರಲ್ಲ, ಅದೇ ಕಥೆ. ಹಳೆ ತಗಡಿನಷ್ಟೇ ದಪ್ಪ, ಬಹಳವೆಂದರೆ ಅದಕ್ಕಿಂತ ಒಂದು ಮೆಟ್ಟಿಲು ದಪ್ಪದ ತಗಡು ಸಾಕು. ಈ ಗಾಡಿಗೆ ಎರಡನೇ ಸಲ ಹಾಕಿದ್ದು 3 ಎಂಎಂ. ತಗಡಿನ ದಪ್ಪ ಗೊತ್ತಾಗಬೇಕಾದರೆ ನೀರಿಳಿಯುವ ತೂತಿನ ಅಂಚನ್ನು ತಿಕ್ಕಿ ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಹಿಡಿಯಿರಿ.

ಎರಡನೆಯದು "ಹಾಕ್ತೀವಿ" ಅನ್ನುವ ಮಾತು. ಹೇಗೆ ಹಾಕುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ಇಲ್ಲಿ ಚೌಕಾಕಾರದ ಪ್ಲೇಟನ್ನು ಪಕ್ಕಕ್ಕಿಟ್ಟು ನಾಲ್ಕೂ ಸುತ್ತ ರಾಡ್ ವೆಲ್ಡಿಂಗ್ ಓಡಿಸಿದ್ದರು. ಪ್ಲೇಟಿನ ಎರಡು ತುದಿಗಳಲ್ಲಿ ವೆಲ್ಡ್ ಚಾಸಿಗೆ ಅಡ್ಡವಾಗಿ, ಮೇಲಿನಿಂದ ಕೆಳಗಿನವರೆಗೆ ನೇರ ಗೆರೆ. ಆರು ಎಂಎಂಗೆ ಬೇಕಾದ ಕರೆಂಟ್ ತೆಳು ತಗಡನ್ನು ತಿಂದುಬಿಡುತ್ತದೆ, ವೆಲ್ಡಿನ ಪಕ್ಕದಲ್ಲಿ ಉಗುರು ಸಿಕ್ಕುವಷ್ಟು ತೋಡು ಬೀಳುತ್ತದೆ. ಸೀಳು ಹುಟ್ಟಿದ್ದು ಆ ತೋಡಿನಲ್ಲೇ: ಬಲಗಡೆ ಹಿಂಬದಿ ಪಟ್ಟಿಯ ಮುಂತುದಿ, ಕೆಳ ಅಂಚಿನಿಂದ ಮೇಲಕ್ಕೆ ಸುಮಾರು 40 ಎಂಎಂ. ಕಪ್ಪು ಕೋಟಿಂಗಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿದ್ದರಿಂದ ಗೊತ್ತಾಯಿತು. ಕೋಟಿಂಗ್ ಇನ್ನೂ ದಪ್ಪ ಇದ್ದಿದ್ದರೆ ಅದೂ ಕಾಣುತ್ತಿರಲಿಲ್ಲ.

ಸರಿಯಾದ ಪಟ್ಟಿಯ ತುದಿ ದೋಣಿಯ ಮೂತಿಯಂತೆ ಚೂಪಾಗಿ ಹೋಗಬೇಕು. ಆಗ ವೆಲ್ಡ್ ಎಲ್ಲೂ ಚಾಸಿಗೆ ನೇರ ಅಡ್ಡವಾಗುವುದಿಲ್ಲ. ಚೂಪು ತುದಿಯ ಕೊನೆಯಲ್ಲೂ ವೆಲ್ಡ್ ಸುತ್ತಿಸದೆ ಸ್ವಲ್ಪ ಹಿಂದೆ ನಿಲ್ಲಿಸಬೇಕು, ಆ ಸಂದಿಗೆ ಆಮೇಲೆ ಸೀಲರ್. ಪಟ್ಟಿಯ ನಡುವೆ 10ರಿಂದ 12 ಎಂಎಂ ತೂತು ಕೊರೆದು ಆ ತೂತನ್ನು ತುಂಬುವ ವೆಲ್ಡ್ ಬೇಕು. ಕೊಳವೆಯ ಮೇಲ್ಗಡೆ ಮುಖ ಮತ್ತು ತಳದ ಮೇಲೆ ಅಡ್ಡ ವೆಲ್ಡ್ ಬೇಡವೇ ಬೇಡ, ಅತಿ ಹೆಚ್ಚು ಎಳೆತ ಬೀಳುವುದೇ ಅಲ್ಲಿ. ರಾಡ್ ಬದಲು ಸಿಓಟು ವೆಲ್ಡಿಂಗ್ (ಗ್ಯಾಸಿನ ರಕ್ಷಣೆಯಲ್ಲಿ ತಂತಿ ಕರಗಿಸುವುದು), 0.8 ಎಂಎಂ ತಂತಿ. ಒಂದೇ ಉಸಿರಿಗೆ ಎಳೆಯದೆ 25–30 ಎಂಎಂ ಹಾಕಿ, ಬಿಟ್ಟು, ಎದುರು ಬದಿಗೆ ಹೋಗಿ, ತಣಿಸಿ ಮತ್ತೆ ಬರಬೇಕು. ಆತುರದವರು ಒಂದೇ ಬದಿ ಮುಗಿಸುತ್ತಾರೆ. ಕಬ್ಬಿಣ ತಣಿಯುವಾಗ ಆ ಬದಿಗೆ ಎಳೆದುಕೊಂಡು ಚಾಸಿಯೇ ಸೊಟ್ಟಗಾಗುತ್ತದೆ. ಈ ಗಾಡಿಯಲ್ಲಿ ಮೂಲೆಯಿಂದ ಮೂಲೆಗೆ ಅಳೆದಾಗ ಎರಡು ಕರ್ಣಗಳಿಗೆ 11 ಎಂಎಂ ವ್ಯತ್ಯಾಸ ಬಂತು. ಗಾಡಿ ಎಡಕ್ಕೆ ಎಳೆಯುತ್ತಿದ್ದದ್ದು ಅದಕ್ಕೇ, ಅಲೈನ್‌ಮೆಂಟಿಗೆಂದು ಮೂರು ಸಲ ದುಡ್ಡು ಕೊಟ್ಟರೂ ಸರಿಯಾಗದ್ದೂ ಅದಕ್ಕೇ.

ಬಿರುಕಿದ್ದ ಜಾಗಕ್ಕೆ ನೇರವಾಗಿ ಪಟ್ಟಿ ಮುಚ್ಚುವುದು ಇನ್ನೊಂದು ಮೋಸ. ಬಿರುಕಿನ ತುದಿಯನ್ನು ಹುಡುಕಿ 3 ಎಂಎಂ ತೂತು ಕೊರೆದು ಅದನ್ನು ನಿಲ್ಲಿಸಬೇಕು. ಬಿರುಕಿನುದ್ದಕ್ಕೂ ಇಂಗ್ಲಿಷಿನ 'ವಿ' ಆಕಾರದಲ್ಲಿ ತೋಡಿ, ವೆಲ್ಡ್ ತುಂಬಿ, ಸಮ ಮಾಡಿ, ಆಮೇಲೆ ಪಟ್ಟಿ. ಇಲ್ಲದಿದ್ದರೆ ಪಟ್ಟಿಯ ಹಿಂದೆ ಬಿರುಕು ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಮೂರನೆಯ ತಪ್ಪು "ಲಮ್ಸಮ್". ಆ ₹9,000ದೊಳಗೆ ವೆಲ್ಡಿಂಗ್ ಮಾತ್ರ ಇತ್ತು. ಸೈಲೆನ್ಸರ್ ಪೈಪನ್ನು ಕತ್ತರಿಸಿ ಮತ್ತೆ ಅಂಟಿಸಿದ್ದಕ್ಕೆ ₹1,500. ಬ್ರೇಕ್ ಪೈಪ್ ಬಿಚ್ಚುವಾಗ ತಿರುಚಿ ಮುರಿದದ್ದಕ್ಕೆ ₹2,200. ತುಕ್ಕು ಹಿಡಿದ ಶಾಕಲ್ ಪಿನ್, ಯು-ಬೋಲ್ಟ್ (ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವುದು) ಕತ್ತರಿಸಿ ಹೊಸದು ಹಾಕಿದ್ದಕ್ಕೆ ₹3,800. "ಹೆಚ್ಚುವರಿ" ನಾಲ್ಕು ಪ್ಲೇಟಿಗೆ ₹4,000. ಮೇಲೆ ಕಪ್ಪು ಕೋಟಿಂಗ್ ₹3,000. ಎಲ್ಲ ಸೇರಿ ₹23,500, ಬಿಲ್ಲು ಮಾತ್ರ ಕೈಬರಹದ ಚೀಟಿ.

ಆ ಹೆಚ್ಚುವರಿ ಪ್ಲೇಟಿನ ಲೆಕ್ಕವನ್ನೇ ನೋಡಿ. ಒಂದು ಚದರ ಮೀಟರ್ 3 ಎಂಎಂ ಕಬ್ಬಿಣದ ತಗಡು ಹೆಚ್ಚುಕಡಿಮೆ 23.5 ಕೆಜಿ ತೂಗುತ್ತದೆ. 300×80 ಎಂಎಂ ಪಟ್ಟಿಯೊಂದು ಅರ್ಧ ಕೆಜಿಯ ಮೇಲೆ ಸ್ವಲ್ಪ. ಆರು ಎಂಎಂ ಆದರೂ 1.13 ಕೆಜಿ. ಕೆಜಿಗೆ ₹80 ಹಿಡಿದರೂ ಪ್ಲೇಟೊಂದಕ್ಕೆ ₹91 ದಾಟುವುದಿಲ್ಲ, ಹಾಕಿದ್ದು ಒಂದು ಸಾವಿರ. ಈ ಕೆಲಸದಲ್ಲಿ ಕಬ್ಬಿಣಕ್ಕೆ ಬೆಲೆಯೇ ಇಲ್ಲ. ವೆಲ್ಡ್ ಮಾಡುವ ಹೊತ್ತಿಗೂ ಅಷ್ಟೇನಿಲ್ಲ. ದುಡ್ಡು ಹೋಗುವುದು ಬಿಚ್ಚುವುದಕ್ಕೆ, ತಿಕ್ಕುವುದಕ್ಕೆ, ಮತ್ತೆ ಕೂರಿಸುವುದಕ್ಕೆ, ತುಕ್ಕು ಬಾರದಂತೆ ಮುಚ್ಚುವುದಕ್ಕೆ. ಅಗ್ಗದ ಎಸ್ಟಿಮೇಟಿನಲ್ಲಿ ಕಾಣೆಯಾಗಿರುವುದು ಈ ನಾಲ್ಕೇ.

ಎರಡನೇ ಕಡೆಯ ಬಿಲ್ಲು ಹೀಗಿತ್ತು. ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್, ಹಿಂದಿನ ಸ್ಪ್ರಿಂಗ್, ಪೈಪು, ವೈರಿಂಗ್ ಬಿಚ್ಚಿ, ಬಾಡಿಯನ್ನು ಚಾಸಿಗೆ ಹಿಡಿಯುವ ಬಾಡಿ ಮೌಂಟ್ ಬೋಲ್ಟ್ ಸಡಿಲಿಸಿ ಬಾಡಿಯ ಹಿಂಭಾಗ ಎತ್ತಿ, ಕೊನೆಗೆ ಎಲ್ಲ ಜೋಡಿಸಿದ್ದಕ್ಕೆ ₹14,000. ಹಳೆ ಆರು ಎಂಎಂ ಪ್ಲೇಟುಗಳನ್ನು ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದದ್ದಕ್ಕೆ ₹6,000. ಎರಡು ದಿನ ಹಿಡಿಯಿತು, ಇದು ಪೂರ್ತಿ ದಂಡದ ಖರ್ಚು. ತಗಡು ಮತ್ತು ಆಕಾರಕ್ಕೆ ಲೇಸರ್ ಕಟಿಂಗ್ ₹1,700. ವೆಲ್ಡಿಂಗ್, ಕರ್ಣ ಅಳೆದು ಎಳೆದು ಸರಿ ಮಾಡಿದ್ದೂ ಸೇರಿ ₹9,000. ಆ ಭಾಗಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ (ಮರಳು ಚಿಮ್ಮಿಸಿ ತುಕ್ಕು ತೆಗೆಯುವುದು) ₹3,500. ಎಪಾಕ್ಸಿ ಪ್ರೈಮರ್, ಮೇಲಿನ ಬಣ್ಣ, ಕೊಳವೆಯೊಳಗೆ ಮೇಣದ ಸ್ಪ್ರೇ ₹5,500. ಬುಷ್, ಬೋಲ್ಟ್, ಬ್ರೇಕ್ ಪೈಪ್, ಟ್ಯಾಂಕ್ ಪಟ್ಟಿ ₹7,800. ಹಿಂದಿನ ಎರಡೂ ವೀಲ್ ಬೇರಿಂಗ್ ಮತ್ತು ಆಯಿಲ್ ಸೀಲ್ ₹2,600. ಅಲೈನ್‌ಮೆಂಟ್ ಇತ್ಯಾದಿ ₹900. ಒಟ್ಟು ₹51,000, ಮೇಲೆ ಶೇ 18 ಜಿಎಸ್‌ಟಿ. ಮೊದಲ ಸಲವೇ ಹೀಗೆ ಮಾಡಿಸಿದ್ದರೆ ಪ್ಲೇಟ್ ಕೀಳುವ ₹6,000, ಬೇರಿಂಗಿನ ₹2,600 ಇರುತ್ತಿರಲಿಲ್ಲ. ತೆರಿಗೆ ಸೇರಿ ₹50,032ಕ್ಕೆ ಮುಗಿಯುತ್ತಿತ್ತು. ಈಗ ಹೋದದ್ದು ಒಟ್ಟು ₹83,680. ಊರಿಂದೂರಿಗೆ ಕೂಲಿ ಬೇರೆ ಇರುತ್ತದೆ, ಆದರೆ ಯಾವ ಸಾಲಿಗೆ ಎಷ್ಟು ಪಾಲು ಅನ್ನುವುದು ಹೆಚ್ಚು ಬದಲಾಗುವುದಿಲ್ಲ.

ಚಾಸಿ ವೆಲ್ಡಿಂಗಿಗೂ ಬೇರಿಂಗಿಗೂ ಏನು ಸಂಬಂಧ ಅನ್ನಿಸಬಹುದು. ಮೊದಲನೆಯವರು ಅರ್ಥ್ ಕ್ಲಾಂಪನ್ನು (ವೆಲ್ಡಿಂಗ್ ಕರೆಂಟ್ ಯಂತ್ರಕ್ಕೆ ಮರಳುವ ತಂತಿಯ ಚಿಮಟ) ಹಿಂದಿನ ಬ್ರೇಕ್ ಡ್ರಮ್ಮಿಗೆ ಕಚ್ಚಿಸಿದ್ದರು, ಅಲ್ಲಿ ಬಣ್ಣ ಕೆರೆಯುವ ಕೆಲಸ ಇರಲಿಲ್ಲವಲ್ಲ. ವೆಲ್ಡಿಂಗ್ ಕರೆಂಟ್ ಚಾಸಿಯಿಂದ ಸ್ಪ್ರಿಂಗ್, ಆಕ್ಸಲ್, ಬೇರಿಂಗ್ ದಾಟಿ ಡ್ರಮ್ಮಿಗೆ ಹೋಯಿತು. ಬೇರಿಂಗಿನ ಗೋಲಿಗಳ ಮೇಲೆ ಕಿಡಿ ಹಾರಿ ಸಣ್ಣ ಕುಳಿ ಬಿದ್ದು ಗುಂಯ್ ಅನ್ನುವ ಸದ್ದು ಶುರುವಾಯಿತು. ಕ್ಲಾಂಪ್ ಯಾವಾಗಲೂ ವೆಲ್ಡ್ ಮಾಡುವ ಜಾಗದಿಂದ ಒಂದು ಗೇಣಿನೊಳಗೆ, ಅದೇ ಕೊಳವೆಯ ಮೇಲೆ ಇರಬೇಕು. ಬ್ಯಾಟರಿಯ ಎರಡೂ ತಂತಿ ಬಿಚ್ಚಿರಬೇಕು, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಗಾಡಿಯಾದರೆ ಎಂಜಿನ್ ಕಂಪ್ಯೂಟರಿನ (ಇಸಿಯು) ಸಾಕೆಟ್ ಕೂಡ. ಪೆಟ್ರೋಲ್ ಟ್ಯಾಂಕಿಗೆ ಒದ್ದೆ ಗೋಣಿಚೀಲ ಮುಚ್ಚಿ ಪಕ್ಕದಲ್ಲೇ ವೆಲ್ಡ್ ಮಾಡುವವರಿದ್ದಾರೆ. ಅಂಥವರನ್ನು ಕಂಡರೆ ಗಾಡಿಯನ್ನು ಅಲ್ಲಿಂದ ಎಳೆಸಿಕೊಂಡು ಬನ್ನಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆಲ್ಲ ಆವಿ.

ಕಪ್ಪು ಕೋಟಿಂಗ್ ವಿಷಯಕ್ಕೆ ಬರೋಣ, ಮೇಲೆ ಥಳಕು ಒಳಗೆ ಹುಳುಕು ಅನ್ನುವುದು ಇದಕ್ಕೇ. ವೆಲ್ಡಿನ ಬಿಸಿಗೆ ಕೊಳವೆಯ ಒಳಗಿನ ಬಣ್ಣ ಸುಟ್ಟುಹೋಗಿರುತ್ತದೆ. ಹೊರಗೆ ಎಷ್ಟು ಬಳಿದರೂ ಬರಿಮೈ ಕಬ್ಬಿಣ ಒಳಗೆ ತೇವಕ್ಕೆ ತೆರೆದುಕೊಂಡಿರುತ್ತದೆ. ಪಟ್ಟಿಯ ಹಿಂಬದಿಗೆ ಕೂರಿಸುವ ಮುಂಚೆಯೇ ಸತುವಿನ ಪ್ರೈಮರ್ ಹೊಡೆಯಬೇಕು, ಎಲ್ಲ ಮುಗಿದ ಮೇಲೆ ಉದ್ದ ನಳಿಕೆಯಿಂದ ನೀರಿಳಿಯುವ ತೂತುಗಳ ಮೂಲಕ ಒಳಗೆ ಮೇಣ ಸ್ಪ್ರೇ ಆಗಬೇಕು. ಮೊದಲನೆಯವರು ತುಕ್ಕಿನ ಮೇಲೆಯೇ ಪಟ್ಟಿ ಇಟ್ಟಿದ್ದರು. ಕಿತ್ತಾಗ ಎರಡರ ನಡುವಿನಿಂದ ಬಿಸ್ಕತ್ತಿನ ಪದರದಂಥ ತುಕ್ಕು ಉದುರಿತು. ನೀರಿಳಿಯುವ ಎರಡು ತೂತುಗಳನ್ನೂ ಕೋಟಿಂಗ್ ಮುಚ್ಚಿತ್ತು.

ಗಾಡಿ ಬಿಡುವ ಮುಂಚೆ ನೀವೇ ಮಾಡಬಹುದಾದ್ದು ಇದೆ. ಸಣ್ಣ ಸುತ್ತಿಗೆಯಿಂದ ಚಾಸಿಯುದ್ದಕ್ಕೂ ಎರಡಿಂಚಿಗೊಮ್ಮೆ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದುಹೋದದ್ದು ಒಡಕು ಮಡಕೆಯಂತೆ ಡಬ್ ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ ಫೋಟೊ ತೆಗೆಯಿರಿ. ಫೋನಿಗೆ ಸಿಕ್ಕಿಸುವ ಕೊಳವೆ ಕ್ಯಾಮೆರಾ ಇದ್ದರೆ ಒಳಗೂ ನೋಡಿ. ಡಬ್ ಅನ್ನುವ ಜಾಗ ಒಂದಡಿ ಮೀರಿದರೆ ಪಟ್ಟಿ ಬೇಡ, ಆ ಭಾಗವನ್ನು ಕತ್ತರಿಸಿ ಹೊಸದಾಗಿ ಕೂರಿಸಬೇಕು. ಆ ಖರ್ಚಿನಲ್ಲಿ ಗಾಡಿ ಬೇಕೇ ಅನ್ನುವ ಪ್ರಶ್ನೆ ಬೇರೆ. "ಬೇರೆ ಜಿಪ್ಸಿಯ ಚಾಸಿ ಇದೆ, ಬದಲಾಯಿಸಿಬಿಡೋಣ" ಅಂದರೆ ಬಲೆಗೆ ಬೀಳಬೇಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಒಂದು, ಕಬ್ಬಿಣದ ಮೇಲಿರುವುದು ಇನ್ನೊಂದು ಆಗುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಆಗ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಅದೇ ಕಾರಣಕ್ಕೆ ನಂಬರ್ ಕೆತ್ತಿದ ಜಾಗದ ಹತ್ತಿರ ಗ್ರೈಂಡರ್ ಸುಳಿಯಬಾರದು, ಕೆಲಸಕ್ಕೆ ಮೊದಲು ಅಲ್ಲಿ ಟೇಪ್ ಅಂಟಿಸಿ. ಚಾಸಿ ಉದ್ದ ಮಾಡುವುದು, ಕತ್ತರಿಸಿ ಗಿಡ್ಡ ಮಾಡುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಬರುತ್ತದೆ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಬದಲಾವಣೆಗೂ ₹5,000 ದಂಡ ಅಥವಾ ಆರು ತಿಂಗಳ ಸಜೆಯವರೆಗೂ ಇದೆ. ತುಕ್ಕು ಹಿಡಿದದ್ದನ್ನು ಮೊದಲಿನ ಅಳತೆಗೇ ರಿಪೇರಿ ಮಾಡುವುದು ಬೇರೆ ಮಾತು, ಅದಕ್ಕೇ ಮೊದಲಿನ ಫೋಟೊ, ಜಿಎಸ್‌ಟಿ ಬಿಲ್ಲು ಎರಡೂ ಇಟ್ಟುಕೊಳ್ಳಿ.

ಎಸ್ಟಿಮೇಟಿನಲ್ಲಿ ಬಿಚ್ಚುವ ಕೂಲಿ, ತುಕ್ಕು ತೆಗೆಯುವ ವಿಧಾನ, ತಗಡಿನ ದಪ್ಪ, ಒಳಗಿನ ಮೇಣ, ಮುರಿಯಬಹುದಾದ ಬೋಲ್ಟುಗಳಿಗೆ ಒಂದು ಅಂದಾಜು, ಇವು ಪ್ರತ್ಯೇಕ ಸಾಲಾಗಿ ಇರಲಿ. ಕೋಟಿಂಗ್ ಹೊಡೆಯುವ ಮುಂಚೆ ಬರಿ ವೆಲ್ಡ್ ನೋಡುತ್ತೇನೆ ಅಂತ ಮೊದಲೇ ಹೇಳಿ. ಬೇಡ ಅಂದರೆ ಅಲ್ಲಿ ಮಾಡಿಸಬೇಡಿ. ಬಿಚ್ಚುವ ಮೊದಲು ಒಂದು ಸಲ, ವೆಲ್ಡ್ ತಣಿದ ಮೇಲೆ ಒಂದು ಸಲ, ಅದೇ ನಾಲ್ಕು ಬೋಲ್ಟ್ ತೂತುಗಳ ನಡುವೆ ಟೇಪ್ ಹಿಡಿದು ಎರಡೂ ಕರ್ಣ ನಿಮ್ಮ ಕಣ್ಣೆದುರೇ ಅಳೆಯಲಿ. ವ್ಯತ್ಯಾಸ 3 ಎಂಎಂ ಒಳಗಿದ್ದರೆ ಸರಿ. ಗಾಡಿ ತಂದ ಮೇಲೆ 500 ಕಿಲೋಮೀಟರಿಗೆ ಯು-ಬೋಲ್ಟ್, ಬಾಡಿ ಮೌಂಟ್ ಬೋಲ್ಟ್ ಮತ್ತೆ ಬಿಗಿ ಮಾಡಿಸಿ. ಆಗಲೇ ಪಟ್ಟಿಗಳ ಚೂಪು ತುದಿಗಳನ್ನು ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕೆಂಪು ಗೆರೆ ಬರುವುದಾದರೆ ಅಲ್ಲೇ.