ಸೋರುವ ನಲ್ಲಿ: ನಾನೇ ಬಿಚ್ಚಲೋ, ಪ್ಲಂಬರ್‌ನನ್ನು ಕರೆಸಲೋ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನಲ್ಲಿ ತೊಟ್ಟಿಕ್ಕಿದರೆ ನಾನೀಗ ಪ್ಲಂಬರ್‌ಗೆ ಫೋನ್ ಮಾಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ಬಂದವನೊಬ್ಬ ಬಿಚ್ಚಿಯೂ ನೋಡದೆ, ‘ಇದು ಹೋಗಿದೆ ಸಾರ್, ಹೊಸದೇ ಹಾಕಬೇಕು’ ಎಂದು ಇಡೀ ನಲ್ಲಿಯನ್ನೇ ಬದಲಿಸಿ ಹೋದ. ಅವನು ಕಿತ್ತುಹಾಕಿದ್ದನ್ನು ಸಂಜೆ ಬಿಚ್ಚಿ ನೋಡಿದೆ. ಸವೆದಿದ್ದದ್ದು ಒಳಗಿನ ರಬ್ಬರ್ ವಾಷರ್ ಮಾತ್ರ. ದರ್ಶಿನಿಯ ಒಂದು ಕಾಫಿಗಿಂತ ಅಗ್ಗದ ವಸ್ತು.

ವೈಟ್‌ಫೀಲ್ಡ್ ಕಡೆಯ ನಮ್ಮ ಬಾಡಿಗೆ ಮನೆಗೆ ಕೊಳವೆಬಾವಿಯ ನೀರೇ ಗತಿ. ಕುಡಿಯುವ ನೀರಿನ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ದಾಟದಿರಲಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಆದೀತು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ನೀರು ಯಾವ ಕಡೆಯದೆಂದು ಗೀಸರಿನ ಕಾಯಿಲ್ ಮೇಲೆ ಕಟ್ಟಿದ ಸುಣ್ಣ ನೋಡಿದರೇ ತಿಳಿಯುತ್ತದೆ. ನಲ್ಲಿಯ ಬಾಯಿಯ ಜಾಲರಿ ಮುಚ್ಚಿಕೊಳ್ಳುವುದೂ ಇದೇ ಬಿಳಿ ಸುಣ್ಣದಿಂದ. ವಿನೆಗರಿನಲ್ಲಿ ನೆನೆಹಾಕಿ ಉಜ್ಜಿದರೆ ಸರಿಹೋಗುತ್ತದೆ. ಅದಕ್ಕೂ ಆಳು ಕರೆಸುವುದು ದುಡ್ಡು ಹೆಚ್ಚಾದವರ ಕೆಲಸ.

ತೊಟ್ಟಿಕ್ಕಿದರೆ ಬದಲಿಸಬೇಕಾದ್ದು ಹಲವು ಸುತ್ತು ತಿರುಗುವ ನಲ್ಲಿಗೆ ವಾಷರ್, ಕಾಲು ಸುತ್ತಿನದಕ್ಕೆ ಸೆರಾಮಿಕ್ ಕಾರ್ಟ್ರಿಜ್ (ನೀರು ತಡೆಯುವ ಬಿಲ್ಲೆಗಳಿರುವ ಒಳಭಾಗ). ಹಳೆಯದನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಳತೆಗಳು ಒಂದೊಂದು ಕಂಪನಿಯದು ಒಂದೊಂದು.

ತಲೆನೋವಿರುವುದು ನೀರು ನಿಲ್ಲಿಸುವುದರಲ್ಲಿ. ವಾಷ್‌ಬೇಸಿನ್ನಿನ ಕೆಳಗೆ ಅದೊಂದಕ್ಕೇ ನೀರು ನಿಲ್ಲಿಸುವ ಪುಟ್ಟ ಆಂಗಲ್ ಕಾಕ್ ಇದೆ, ತಿರುಗಿಸಿದರೆ ಮುಗಿಯಿತು. ಬಚ್ಚಲಿನ ಗೋಡೆಯ ನಲ್ಲಿಗೆ ಅದೂ ಇಲ್ಲ. ತಾರಸಿ ಹತ್ತಿ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಬೇಕು. ಮನೆ ಕಟ್ಟಿದಂದಿನಿಂದ ಅದನ್ನು ಯಾರೂ ಮುಟ್ಟಿದಂತಿರಲಿಲ್ಲ. ಒಳಗೆ ಸುಣ್ಣ ಕಟ್ಟಿ, ಗೇಟ್ ಅರ್ಧಕ್ಕಿಳಿದು ನಿಂತುಬಿಡುತ್ತಿತ್ತು. ಹಟ ಹಿಡಿದು ತಿರುಗಿಸಿದರೆ ಸ್ಪಿಂಡಲ್ ಮುರಿಯುತ್ತದೆ.

ಸಾಲದ್ದಕ್ಕೆ ಮೂರು ಮನೆಗಳಿಗೂ ಒಂದೇ ಪೈಪು. ಕೆಳಗಿನವರ ಬಟ್ಟೆ ಒಗೆಯುವ ಯಂತ್ರ ನಿಲ್ಲಬೇಕು, ಮೇಲಿನ ಅಜ್ಜಿಯ ಪೂಜೆ ಮುಗಿಯಬೇಕು, ಮಾಲೀಕರು ಫೋನ್ ಎತ್ತಬೇಕು. ಇಷ್ಟರಲ್ಲಿ ಭಾನುವಾರದ ಬೆಳಗು ಮುಗಿದಿರುತ್ತದೆ. ಆಮೇಲೆ ವಾಷರ್ ಬದಲಿಸುವುದು ಹತ್ತು ನಿಮಿಷದ ಕೆಲಸ.

ಪ್ಲಂಬರ್ ಬಂದರೂ ಈ ಗೋಳು ತಪ್ಪುವುದಿಲ್ಲ. ಅವನು ಕಾಯುವಷ್ಟು ಹೊತ್ತಿಗೂ ಕೂಲಿ ಕೊಡಬೇಕು, ಅಷ್ಟೇ ವ್ಯತ್ಯಾಸ.

ಆದರೆ ವಾಲ್ವ್ ಬದಲಿಸುವುದಕ್ಕೂ ಗೋಡೆಯೊಳಗಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿಗೂ ನಾನು ಕೈಹಾಕುವುದಿಲ್ಲ. ಅಲ್ಲಿ ಕೆಟ್ಟರೆ ಟೈಲ್ಸ್ ಒಡೆಯಬೇಕು, ಅಡ್ವಾನ್ಸ್ ಹಣದಲ್ಲಿ ಕಡಿತವೂ ಆಗುತ್ತದೆ. ಅದಕ್ಕೆ ಮಾಲೀಕರಿಗೆ ಗುರುತಿರುವ ಹಿರಿಯರೊಬ್ಬರಿದ್ದಾರೆ. ಬಿಚ್ಚಿ ನೋಡಿದ ಮೇಲೆಯೇ ಬಾಯಿ ತೆರೆಯುವವರು. ಟ್ಯಾಂಕ್ ತೊಳೆಸುವ ದಿನವೇ ಅವರನ್ನು ಕರೆಸಿ, ಹಳೆಯ ಗೇಟ್ ವಾಲ್ವ್ ತೆಗೆಸಿ, ಕಾಲು ಸುತ್ತಿಗೇ ಮುಚ್ಚುವ ಬಾಲ್ ವಾಲ್ವ್ ಹಾಕಿಸಿದೆವು. ಖರ್ಚು ಮಾಲೀಕರದು.