ಡ್ರಮ್ ಸ್ಯಾಂಪಲ್‌ಗಳ ಜೋರು ಸರಿಮಾಡಲು ರೀಪರ್‌ನ ನಾರ್ಮಲೈಸ್: ಬಳಸಿ ನೋಡಿ ಬರೆದದ್ದು

ಬೀಟ್ ಕಟ್ಟುವಾಗ ಒಂದು ಸ್ನೇರ್ ಡ್ರಮ್‌ನ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ ಒಂದು ಏಟು) ತೆಗೆದು ಇನ್ನೊಂದು ಹಾಕಿದರೆ ಸಾಕು, ಪೂರ್ತಿ ಲೆಕ್ಕ ತಪ್ಪುತ್ತದೆ. ಹೊಸದು ಜೋರಾಗಿದ್ದರೆ ಅದೇ ಚೆಂದ ಅನಿಸುತ್ತದೆ, ಅಲ್ವಾ? ಹಾಗೆ ಮೋಸಹೋಗಿ ಎಷ್ಟೋ ಒಳ್ಳೆಯ ಸ್ನೇರ್‌ಗಳನ್ನು ಬಿಟ್ಟಿದ್ದೇನೆ. ಅದಕ್ಕೇ ಈಗ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ನಾರ್ಮಲೈಸ್ (ಜೋರನ್ನು ಹೇಳಿದ ಮಟ್ಟಕ್ಕೆ ತರುವ) ಕಿಟಕಿಯಲ್ಲಿ ಮೊದಲು ಎಲ್ಲದರ ಜೋರನ್ನು ಸಮ ಮಾಡಿಕೊಂಡು, ಆಮೇಲೆ ಆರಿಸುತ್ತೇನೆ.

ಮುಂಚೆ ಸುಮ್ನೆ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ಬಿಂದು ನೋಡಿ ಸರಿಮಾಡುತ್ತಿದ್ದೆ. ಅದು ಸಾಲದು. ಒಂದು ರಿಮ್‌ಶಾಟ್ (ಡ್ರಮ್‌ನ ಅಂಚಿಗೂ ತಾಗುವ ಏಟು), ಒಂದು ಕ್ಲ್ಯಾಪ್ (ಚಪ್ಪಾಳೆ ಸದ್ದು) ಎರಡನ್ನೂ ಮೈನಸ್ 6 ಡೆಸಿಬಲ್ ಪೀಕ್‌ಗೆ ತಂದು ಕೇಳಿ. ರಿಮ್‌ಶಾಟ್ ಟಕ್ ಅಂತ ಮುಗಿದುಹೋಗುತ್ತದೆ, ಕ್ಲ್ಯಾಪ್‌ನ ಬಾಲ ಉದ್ದ, ಹಾಗಾಗಿ ಮೀಟರ್‌ನಲ್ಲಿ ಎರಡೂ ಒಂದೇ ಎತ್ತರ ಇದ್ದರೂ ಕಿವಿಗೆ ಕ್ಲ್ಯಾಪೇ ಜೋರು.

ರೀಪರ್ 6ರ ಕಾಲದಲ್ಲಿ ಈ ಕಿಟಕಿಗೆ ಪೀಕ್ ಜೊತೆಗೆ ಆರ್‌ಎಂಎಸ್ (ಸರಾಸರಿ ಮಟ್ಟ), ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿಗೆ ಹತ್ತಿರದ ಲೆಕ್ಕ) ಅಳತೆಗಳೂ ಬಂದವು. ಡ್ರಮ್‌ಗೆ ನನ್ನ ಆಯ್ಕೆ ಎಲ್‌ಯುಎಫ್‌ಎಸ್-ಎಂ ಮ್ಯಾಕ್ಸ್. ಅದು 400 ಮಿಲಿಸೆಕೆಂಡ್‌ಗಳ ತುಂಡು ತುಂಡಾಗಿ ಅಳೆದು, ಅದರಲ್ಲಿ ಅತಿ ಜೋರಾದ ತುಂಡನ್ನು ಹಿಡಿಯುತ್ತದೆ. ಎಲ್‌ಯುಎಫ್‌ಎಸ್-ಎಸ್‌ನ ತುಂಡು 3 ಸೆಕೆಂಡ್, ಅರ್ಧ ಸೆಕೆಂಡಿನ ಸ್ನೇರ್‌ಗೆ ಅದರಲ್ಲಿ ಆರರಲ್ಲಿ ಐದು ಪಾಲು ಮೌನವೇ. ಸ್ನೇರ್‌ಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿ ಮೈನಸ್ 18 ಕೊಟ್ಟರೆ ಒಂದೇ ಏಟಿಗೆ ಕೆಲಸ ಮುಗಿಯಿತು. ಆದರೆ ಸ್ನೇರ್ ಜೊತೆ ಸ್ನೇರ್, ಹ್ಯಾಟ್ (ಜೋಡಿ ತಾಳದ ಚುರುಕು ಸದ್ದು) ಜೊತೆ ಹ್ಯಾಟ್ ಅಷ್ಟೇ. ಕಿಕ್‌ಗೂ (ದೊಡ್ಡ ಬೇಸ್ ಡ್ರಮ್) ಹ್ಯಾಟ್‌ಗೂ ಒಂದೇ ನಂಬರ್ ಕೊಟ್ಟರೆ ಹ್ಯಾಟ್ ತಲೆ ತಿನ್ನುತ್ತದೆ.

ಉದ್ದನೆಯ 808 (ಹಳೆಯ ಡ್ರಮ್ ಮಷೀನ್) ಕಿಕ್ ವಿಷಯದಲ್ಲಿ ಮಾತ್ರ ಹುಷಾರು. ಈ ಅಳತೆ ತೀರಾ ಕೆಳಗಿನ ಬೇಸನ್ನು ಕಮ್ಮಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಕಿಕ್ ಮೆತ್ತಗಿದೆ ಅಂತ ತಿಳಿದು ಅದನ್ನು ಬೇಕಾದ್ದಕ್ಕಿಂತ ಜಾಸ್ತಿ ಎತ್ತಿಬಿಡುತ್ತದೆ. ರೀಪರ್ ಒಳಗೆ ಲೆಕ್ಕ 64 ಬಿಟ್ ಫ್ಲೋಟ್, ಅಲ್ಲಿ ಒಡೆಯುವುದಿಲ್ಲ, ಆದರೆ ಮಾಸ್ಟರ್ (ಎಲ್ಲ ಸದ್ದು ಸೇರಿ ಹೊರಬರುವ ಟ್ರ್ಯಾಕ್) ಮೀಟರ್ ಕೆಂಪಾಗುತ್ತದೆ. ನಾನು 3-4 ಡೆಸಿಬಲ್ ಕೈಯಲ್ಲೇ ಇಳಿಸುತ್ತೇನೆ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ, ನೀವು ಮಾಡಬೇಡಿ. ಒಂದೇ ಸ್ನೇರನ್ನು ಮೆಲ್ಲಗಿನಿಂದ ಜೋರಿನವರೆಗೆ ಬಾರಿಸಿದ 8 ಸ್ಯಾಂಪಲ್‌ಗಳನ್ನು ಬೇರೆ ಬೇರೆಯಾಗಿ ನಾರ್ಮಲೈಸ್ ಮಾಡಿಬಿಟ್ಟೆ. ಕೋಲು ತಾಗಿಯೂ ತಾಗದ ಹಾಗಿದ್ದ ಏಟು ಪೂರ್ತಿ ಏಟಿನಷ್ಟೇ ಜೋರಾಯಿತು, ಘೋಸ್ಟ್ ನೋಟ್‌ಗಳ (ನಡುನಡುವೆ ಬರುವ ಮೆಲ್ಲಗಿನ ಏಟುಗಳು) ಜೀವವೇ ಹೋಯಿತು. ಇಂಥ ಗುಂಪಿಗೆ ಕಾಮನ್ ಗೇನ್ ಆಯ್ಕೆ ಇದೆ, ಎಲ್ಲವೂ ಒಂದೇ ಅಳತೆಯಲ್ಲಿ ಏರುತ್ತವೆ, ನಡುವಿನ ಅಂತರ ಹಾಗೇ ಉಳಿಯುತ್ತದೆ.

ಇದೆಲ್ಲ ಆದ ಮೇಲೆ ಸ್ಪೀಕರನ್ನು ಮಾತಿನ ದನಿಗಿಂತ ಕೆಳಗಿಳಿಸಿ, ಪರದೆ ನೋಡದೆ ಒಂದೊಂದೇ ಸ್ನೇರ್ ಬದಲಾಯಿಸಿ ಕೇಳುತ್ತೇನೆ. ಹತ್ತರಲ್ಲಿ ಎಂಟು ಮುಟ್ಟದೆಯೇ ಸರಿ ಇರುತ್ತವೆ. ಉಳಿದ ಎರಡಕ್ಕೆ ಒಂದೋ ಎರಡೋ ಡೆಸಿಬಲ್ ಸಾಕು.